ತಾರಸಿಯ ಮೇಲಿನ ಮರುಭೂಮಿ

ನಮ್ಮ ಮಾವನವರ ಎರಡು ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಆ ಎರಡೇ ಬೆರಳಿನಲ್ಲಿ ಟೈಪ್‌ರೈಟರ್ ಕುಟ್ಟಿದ ಗುರುತು. ಬೀಜ ಬಿತ್ತುವಾಗಲೂ ಅವೇ ಬೆರಳು. ಮಣ್ಣಿನಲ್ಲಿ ಒಮ್ಮೆ ಒತ್ತಿ ಕುಳಿ ಮಾಡುವುದು, ಬೀಜ ಇಡುವುದು, ಮೇಲೆ ಇನ್ನೊಮ್ಮೆ ಮೆಲ್ಲಗೆ ಒತ್ತುವುದು. ಸಾಲಿನ ಕೊನೆ ಮುಟ್ಟಿದ ಕೂಡಲೇ ಎಡಗೈ ತಾನಾಗಿ ಗಾಳಿಯಲ್ಲಿ ಬಲಕ್ಕೆ ಸರಿಯುತ್ತಿತ್ತು, ಟೈಪ್‌ರೈಟರಿನ ಹಿಡಿ ತಳ್ಳಿ ಹೊಸ ಸಾಲಿಗೆ ಹೋಗುವ ಹಾಗೆ. ಅದನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಮೊದಮೊದಲು ಅವರಿಗೆ ಕಾಣದ ಹಾಗೆ, ಆಮೇಲೆ ಎದುರಿಗೇ.

ಅವರು ತೋಟಗಾರಿಕೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ರೈತರು ಬರೆದ ಪತ್ರಗಳಿಗೆ ಸಾಹೇಬರು ಹೇಳಿದ ಉತ್ತರವನ್ನು ಟೈಪ್ ಮಾಡಿ ಅಂಚೆಗೆ ಹಾಕುವುದು ಕೆಲಸ. ಎಲೆಕೋಸಿಗೆ ಹುಳ ಬಿದ್ದಿದೆ, ಬಟಾಣಿ ಹೂ ಉದುರುತ್ತಿದೆ, ಗಜ್ಜರಿ ಕವಲೊಡೆದಿದೆ, ಇಂಥವು. "ಹತ್ತು ವರ್ಷ ಆದ್ಮೇಲೆ ಸಾಹೇಬ್ರು ಬಾಯಿ ಬಿಡೋಕೆ ಮುಂಚೆ ನಾನೇ ಟೈಪ್ ಮಾಡಿ ಇಟ್ಟಿರ್ತಿದ್ದೆ. ರುಜು ಮಾತ್ರ ಅವರದು" ಎನ್ನುತ್ತಿದ್ದರು. ಆ ಕೆಲಸದಲ್ಲಿ ಅವರಿಗೆ ಒಂದೇ ಒಂದು ವ್ರತವಿತ್ತು. ಬಂದ ಪತ್ರಕ್ಕೆ ಉತ್ತರ ಹೋಗಲೇಬೇಕು. "ಪಾಪ, ಅವನು ಬಿತ್ತಿ ಕೂತಿರ್ತಾನೆ. ನಾವು ಫೈಲ್ ಮೇಲೆ ಕೂತ್ರೆ ಹೇಗೆ?"

ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ ಒಂದು ಮನೆಯ ಕೆಳಗಿನ ಪೋರ್ಷನ್ ಅವರದು, ಬಾಡಿಗೆಗೆ. ಹಿತ್ತಿಲು ಎಂದರೆ ಎರಡು ಮಂಚ ಹಾಕುವಷ್ಟು ಜಾಗ. ಅದರಲ್ಲೇ ನವಿಲುಕೋಸು, ಹೂಕೋಸು, ಬಟಾಣಿ, ಎಲ್ಲ ಚಳಿಗಾಲದ ಇಂಗ್ಲಿಷ್ ತರಕಾರಿ. ಸಂಕ್ರಾಂತಿಗೆ ಅಕ್ಕಪಕ್ಕದ ಮನೆಗಳಿಗೆ ಎಳ್ಳುಬೆಲ್ಲದ ಜೊತೆ ಒಂದೊಂದು ನವಿಲುಕೋಸು ಹೋಗುತ್ತಿತ್ತಂತೆ.

ನಾನು ಆ ಮನೆಯ ಸೊಸೆಯಾದದ್ದು ಅವರಿಗೆ ಇಷ್ಟವಿರಲಿಲ್ಲ. ನಾನು ವೈಯಾಲಿಕಾವಲ್‌ನ ಗೌಡರ ಮನೆ ಹುಡುಗಿ. ನಮ್ಮ ತಾತನ ಕಾಲಕ್ಕೆ ಹೊಲ ಬಿಟ್ಟು ಸಿಮೆಂಟ್ ಅಂಗಡಿ ಇಟ್ಟವರು ನಾವು. ಇವರ ಮಗ, ಅಂದರೆ ನನ್ನ ಗಂಡ, ನಾನು ಓದುತ್ತಿದ್ದ ಕಾಲೇಜಿನಲ್ಲೇ ಓದುತ್ತಿದ್ದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆಯಿತು, ಮಾವ ಬರಲಿಲ್ಲ. ಕೂಗಾಡಿದವರೂ ಅಲ್ಲ, ಶಾಪ ಹಾಕಿದವರೂ ಅಲ್ಲ. ಅದಾದರೆ ತಿರುಗಿ ಬಯ್ದು ಮುಗಿಸಬಹುದಿತ್ತು. ಮೊದಲ ಸಲ ಮನೆಗೆ ಹೋದಾಗ ಪೇಪರಿನಿಂದ ಮುಖ ಎತ್ತದೆ ಅತ್ತೆಗೆ, "ಅವರಿಗೆ ಕಾಫಿ ಕೊಡು" ಎಂದರು. ಅವರಿಗೆ! ನಾನೇನು ಮೀಟರ್ ನೋಡಲು ಬಂದವಳೇ?

ಅತ್ತೆ ನನ್ನನ್ನು ಮೊದಲ ದಿನವೇ ಅಡುಗೆಮನೆಗೆ ಬಿಟ್ಟುಕೊಂಡರು. ಆದರೆ ನಾನು ಮಾಡಿದ್ದನ್ನು ಮಾವ ಮುಟ್ಟುತ್ತಿರಲಿಲ್ಲ. ಉಪ್ಪಿಟ್ಟು ಮಾಡಿದರೆ ಹೊಟ್ಟೆ ಸರಿಯಿಲ್ಲ, ಸಾರು ಮಾಡಿದರೆ ಹಸಿವಿಲ್ಲ. ಸಂಜೆಗೆ ನೋಡಿದರೆ ಮಹಾರಾಯರು ಗಾಂಧಿಬಜಾರಿನಲ್ಲಿ ನಿಂತು ಮಸಾಲೆದೋಸೆ ತಿನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈ ಮನುಷ್ಯ ನನ್ನ ಕೈಯಡುಗೆಯನ್ನು ಒಂದು ದಿನ ತಾನಾಗಿ ಕೇಳಿ ಉಣ್ಣಬೇಕು, ಅಲ್ಲಿಯವರೆಗೆ ನಾನು ಬಿಡುವವಳಲ್ಲ ಎಂದು ಅವತ್ತೇ ಹಠ ಹಿಡಿದೆ. ಹಠ ಅಂದುಕೊಂಡಿದ್ದೆ. ಒಳಗಿದ್ದದ್ದು ಆಸೆ. ನಮ್ಮಪ್ಪ ನಾನು ಚಿಕ್ಕವಳಿದ್ದಾಗಲೇ ಹೋದವರು, ಈ ಮನೆಯಲ್ಲಿ ಒಬ್ಬರು ಸಿಗುತ್ತಾರೆ ಅಂದುಕೊಂಡು ಬಂದಿದ್ದೆ.

ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಅವನ ಪಾಲಿಗೆ ಬಂದದ್ದು ಪಶ್ಚಿಮ ರಾಜಸ್ಥಾನದ ಒಂದು ಸಣ್ಣ ಸ್ಟೇಷನ್. ಕ್ವಾರ್ಟರ್ಸಿನ ಕಾಂಪೌಂಡ್ ವಿಶಾಲವಾಗಿತ್ತು, ತುಂಬ ಮರಳು. ನಲ್ಲಿಯಲ್ಲಿ ದಿನ ಬಿಟ್ಟು ದಿನ ಉಪ್ಪುಪ್ಪು ನೀರು. ಸಂತೆಯಲ್ಲಿ ಈರುಳ್ಳಿ, ಆಲೂಗಡ್ಡೆ, ಒಣಗಿಸಿದ ಯಾವುದೋ ಕಾಯಿ. ಮೂರು ತಿಂಗಳಿಗೆ ನನಗೆ ನವಿಲುಕೋಸಿನ ಕನಸು ಬೀಳಲು ಶುರುವಾಯಿತು.

ನಾನು ಮಾಡಿದ ತಪ್ಪು ಬೆಂಗಳೂರಿನವರು ಮಾತ್ರ ಮಾಡುವಂಥದ್ದು. ನಮಗೆ ಹವೆ ಎಂದರೆ ಯಾವಾಗಲೂ ಇದ್ದೇ ಇರುವ ವಸ್ತು. ಯಾವ ತಿಂಗಳು ಏನು ಬಿತ್ತಿದರೂ ಅಷ್ಟೋ ಇಷ್ಟೋ ಬರುತ್ತದೆ. ಬರುವಾಗ ಪೇಟೆಯಿಂದ ತಂದಿದ್ದ ನವಿಲುಕೋಸಿನ ಬೀಜವನ್ನು, ಯುಗಾದಿ ಒಳ್ಳೆಯ ದಿನ ಎಂದು, ಎತ್ತರಕ್ಕೆ ಪಾತಿ ಕಟ್ಟಿ ಬಿತ್ತಿದೆ. ಗೌಡರ ಮನೆಯವಳು, ರಕ್ತದಲ್ಲೇ ಬಂದಿರುತ್ತದೆ ಎಂಬ ಜಂಬ ಬೇರೆ. ನಿಜ ಹೇಳಬೇಕೆಂದರೆ ನಾನು ಅವತ್ತಿನವರೆಗೆ ತುಳಸಿಗೂ ನೀರು ಹಾಕಿದವಳಲ್ಲ. ಆರನೇ ದಿನ ಮೊಳಕೆ ಬಂತು. ಎಂಟನೇ ದಿನ ಮಧ್ಯಾಹ್ನ ನೋಡಿದರೆ ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಕರಕಲಾಗಿ ಬಿದ್ದಿತ್ತು.

ಫೋನಿನಲ್ಲಿ ಅತ್ತೆಯ ಹತ್ತಿರ ಗೋಳಾಡಿದೆ. "ಬೀಜದಂಗಡಿಯವನು ಮೋಸ ಮಾಡಿದಾನೆ ಅತ್ತೆ." ಆ ಕಡೆ ಫೋನು ಸ್ಪೀಕರಿನಲ್ಲಿತ್ತು. ಪೇಪರು ಮಡಚುವ ಸದ್ದು ಕೇಳಿಸಿತು. ಮಾತು ಕೇಳಿಸಲಿಲ್ಲ.

ಒಂದು ವಾರ ಕಳೆದು ಅತ್ತೆಯೇ ಫೋನ್ ಮಾಡಿದರು. "ಏನ್ ಹೇಳ್ಲಿ ನಿಮ್ಮ ಮಾವನ ಕಥೆ! ನಾಲ್ಕು ಚೀಲ ಮರಳು ತಾರಸಿ ಮೇಲೆ ಹೊರಿಸಿದಾರೆ. ಅದರಲ್ಲಿ ಬೀಜ ಹಾಕ್ಕೊಂಡು ಮಟಮಟ ಮಧ್ಯಾಹ್ನ ಛತ್ರಿ ಹಿಡ್ಕೊಂಡು ಕೂತಿರ್ತಾರೆ. ಓನರಮ್ಮ ಜಗಳಕ್ಕೆ ಬಂದಿದ್ರು."

"ಯಾಕಂತೆ ಅತ್ತೆ?"

"ಮರುಭೂಮಿ ಮಾಡ್ತಿದಾರಂತೆ. ಬೀಜ ಯಾವ ಬಿಸಿಗೆ ಸಾಯುತ್ತೆ ಅಂತ ನೋಡ್ಬೇಕಂತೆ. ಜ್ವರದ ಥರ್ಮಾಮೀಟರ್ ತೊಗೊಂಡ್ಹೋಗಿ ಮರಳಿಗೆ ಚುಚ್ಚಿದಾರೆ ಕಣೇ. ಅದು ತುದೀವರೆಗೂ ಏರಿ ಅಲ್ಲೇ ನಿಂತ್ಬಿಟ್ಟಿದೆ, ಎಷ್ಟು ಒದರಿದ್ರೂ ಇಳೀತಿಲ್ಲ. ಇನ್ನು ಈ ಮನೇಲಿ ಯಾರಿಗೆ ಜ್ವರ ಬಂದ್ರೂ ನೂರೆಂಟೇ."

ನಾನು ಬಿದ್ದು ಬಿದ್ದು ನಕ್ಕೆ. ಫೋನಿಟ್ಟ ಮೇಲೆ ಅಳು ಬಂತು. ಎಪ್ಪತ್ತರ ಹತ್ತಿರದ ಮುದುಕ, ನನ್ನ ಜೊತೆ ಮಾತಾಡಲು ಬಾಯಿ ಬರದೆ, ಬಸವನಗುಡಿಯ ತಾರಸಿಯ ಮೇಲೆ ನನ್ನ ಊರನ್ನು ಕಟ್ಟಿಕೊಂಡು ಕೂತಿದ್ದರು.

ತಿಂಗಳಾಗುವಷ್ಟರಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಬಂತು. ಟೈಪ್ ಮಾಡಿದ್ದು.

"ಮಾನ್ಯರೇ,

ವಿಷಯ: ಮರಳುಗಾಡು ಪ್ರದೇಶದಲ್ಲಿ ನವಿಲುಕೋಸು ಬೆಳೆಯುವ ಬಗ್ಗೆ.

ಉಲ್ಲೇಖ: ತಾವು ತಮ್ಮ ಅತ್ತೆಯವರೊಂದಿಗೆ ನಡೆಸಿದ ದೂರವಾಣಿ ಸಂಭಾಷಣೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ಬೀಜದಲ್ಲಿ ದೋಷವಿರುವುದಿಲ್ಲ. ಬಿತ್ತಿದ ತಿಂಗಳಿನಲ್ಲಿ ದೋಷವಿರುತ್ತದೆ."

ಆಮೇಲೆ ಎರಡು ಹಾಳೆ ತುಂಬ ವಿವರ. ಮಹಾನವಮಿ ಹತ್ತಿರ ಬರುವವರೆಗೆ ಬೀಜ ಮುಟ್ಟಕೂಡದು. ಈ ಬೆಳೆಗಳಿಗೆ ಬಿಸಿ ಹಗಲಿಗಿಂತ ಬಿಸಿ ರಾತ್ರಿಯ ಭಯ ಹೆಚ್ಚು, ರಾತ್ರಿ ಹೊದಿಕೆ ಬೇಕೆನಿಸುವ ಕಾಲ ಬರಲಿ. ಪಾತಿಯನ್ನು ನಮ್ಮ ಕಡೆಯಂತೆ ಏರಿಸಿ ಕಟ್ಟದೆ ಒಂದು ಗೇಣು ತಗ್ಗಿಸಬೇಕು, ನೀರೂ ನಿಲ್ಲುತ್ತದೆ, ಗಾಳಿಯೂ ಮೇಲೆ ಹಾಯ್ದುಹೋಗುತ್ತದೆ. ಪಶ್ಚಿಮಕ್ಕೆ ಸಜ್ಜೆ ದಂಟಿನ ತಡಿಕೆ ಕಟ್ಟುವುದು. ನಡುವೆ ಮಣ್ಣಿನ ಕೊಡವನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿಡುವುದು, ಅದು ಜಿನುಗಿ ಬೇರಿಗೆ ಸಿಗುತ್ತದೆ. ಬುಡಕ್ಕೆ ಒಣಹುಲ್ಲು ಹಾಸುವುದು. ಕೊನೆಗೆ, "ಇತಿ ತಮ್ಮ ವಿಶ್ವಾಸಿ". ಜೊತೆಗೆ ಒಂದು ಪೊಟ್ಟಣ ಬೀಜ, ಸಸಿಗೆ ನೆರಳು ಕಟ್ಟಲು ಅವರದೇ ಒಂದು ಹಳೆಯ ಬಿಳಿ ಪಂಚೆ.

ಪತ್ರವನ್ನು ಎಷ್ಟು ಸಲ ಓದಿದೆನೋ. ಸೊಸೆಗೆ ಬರೆಯಬಾರದು, ಆದರೆ ಬಿತ್ತಿ ಕೂತವರಿಗೆ ಉತ್ತರ ಕೊಡದೆ ಇರಬಾರದು. ಎರಡರ ನಡುವೆ ಸಿಕ್ಕಿಬಿದ್ದು ನನ್ನನ್ನು ರೈತ ಮಾಡಿಕೊಂಡಿದ್ದರು. ಅದರ ಮಧ್ಯೆ "ತಮ್ಮ ಅತ್ತೆಯವರು" ಎಂದು ತಾವೇ ಟೈಪ್ ಮಾಡಿದ್ದು ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ. ನನ್ನ ಗಮನಕ್ಕಂತೂ ಬಂತು.

ಹೇಳಿದ ಹಾಗೇ ಮಾಡಿದೆ. ಅಲ್ಲಿ ಕ್ವಾರ್ಟರ್ಸಿನ ಬೇಲಿಗೇ ಬನ್ನಿ ಮರಗಳು, ನಾವು ದಸರಾಕ್ಕೆ ಎಲೆ ಹುಡುಕಿಕೊಂಡು ಅಲೆಯುವ ಮರ. ವಿಜಯದಶಮಿ ಕಳೆದು ಎರಡು ವಾರಕ್ಕೆ ಸಸಿ ನೆಟ್ಟೆ. ಪಂಚೆಯ ನೆರಳಿನಲ್ಲಿ ಅವು ನಿಂತವು, ಚಿಗುರಿದವು, ಬುಡ ಉಬ್ಬಿಸಿಕೊಂಡವು. "ದುರಾಸೆ ಬೇಡ, ಕಿತ್ತಳೆಯಷ್ಟಾದಾಗ ಕೀಳತಕ್ಕದ್ದು" ಎಂದು ಎರಡನೆಯ ಪತ್ರ ಬಂದಿತ್ತು. ಕಿತ್ತು, ಒದ್ದೆ ಟವೆಲಿನಲ್ಲಿ ಸುತ್ತಿ, ನಾಲ್ಕು ನವಿಲುಕೋಸನ್ನು ಮಡಿಲಲ್ಲಿ ಇಟ್ಟುಕೊಂಡೇ ಎರಡು ರಾತ್ರಿ ರೈಲಿನಲ್ಲಿ ಕೂತು ಸಂಕ್ರಾಂತಿಗೆ ಬಸವನಗುಡಿಗೆ ಬಂದೆ.

ಮಾವ ಒಂದನ್ನು ಕೈಗೆ ತೆಗೆದುಕೊಂಡರು. ಚಪ್ಪಟೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. "ನಾರಾಗಿಲ್ಲ" ಎಂದರು. ತಾವೇ ಚಾಕು ತಂದು ಸಿಪ್ಪೆ ತೆಗೆದು, ಬಿಲ್ಲೆ ಮಾಡಿ, ಉಪ್ಪು ಸವರಿ ಒಂದು ತಿಂದರು. ಇನ್ನೊಂದು ತಿಂದರು.

"ಉಳಿದಿದ್ದು ಹುಳಿ ಮಾಡ್ಲಾ ಮಾವ? ಊಟಕ್ಕೆ ಆಗುತ್ತೆ."

"ಹಸೀದೇ ಚೆನ್ನಾಗಿದೆ."

ನನಗೆ ಅರ್ಥವಾಯಿತು. ಹಸಿ ಪದಾರ್ಥಕ್ಕೆ ಯಾರ ಕೈಯೂ ಅಂಟುವುದಿಲ್ಲ, ಬೇಯಿಸಿದ್ದಕ್ಕೆ ಅಂಟುತ್ತದೆ. ಹಳಬರ ಲೆಕ್ಕ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ: "ಹೋಟ್ಲಲ್ಲಿ ದೋಸೆ ಹುಯ್ಯೋನ ಜಾತಿ ಕೇಳ್ಕೊಂಡು ತಿನ್ತೀರಾ ಮಾವ?"

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಮಾವ ಚಾಕು ಒರೆಸಿದರು. ಸುಳ್ಳು ಹೇಳುವ ಜನ ಅಲ್ಲ ಅವರು. "ಅಲ್ಲಿ ತಿಂದ್ರೆ ಯಾವುದಕ್ಕೂ ಒಪ್ಪಿಗೆ ಕೊಟ್ಟ ಹಾಗಾಗಲ್ಲ. ಇಲ್ಲಿ ಆಗುತ್ತೆ."

"ಸರಿ, ನಾನೂ ನೋಡ್ತೀನಿ" ಎಂದು ಎದ್ದು ಹೋದೆ.

ಆಮೇಲೆ ಎರಡು ವರ್ಷ ಪತ್ರಗಳು ಬಂದವು. ಗಜ್ಜರಿಗೆ ಆಳ ಅಗೆಯುವ ಬಗ್ಗೆ, ಹೂಕೋಸಿನ ಹೂವನ್ನು ಅದರದೇ ಎಲೆ ಮಡಚಿ ಬಿಸಿಲಿನಿಂದ ಕಾಯುವ ಬಗ್ಗೆ, ಉಪ್ಪುನೀರಿಗೆ ಬೀಟ್‌ರೂಟು ಹೆದರುವುದಿಲ್ಲವೆಂಬ ಬಗ್ಗೆ. ಎಲ್ಲಕ್ಕೂ ಮೇಲೆ "ಮಾನ್ಯರೇ", ಕೆಳಗೆ "ವಿಶ್ವಾಸಿ". ನಾನೂ ಬಿಡಲಿಲ್ಲ, "ತಮ್ಮ ಪತ್ರ ತಲುಪಿತು, ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂದು ಬರೆಯುತ್ತಿದ್ದೆ. ಅದನ್ನು ಓದಿ ಒಬ್ಬರೇ ಕೂತು ನಗುತ್ತಾರೆ ಎಂದು ಅತ್ತೆ ಹೇಳುತ್ತಿದ್ದರು.

ಮೂರನೆಯ ಚಳಿಗಾಲ ಇಬ್ಬರೂ ನಮ್ಮಲ್ಲಿಗೆ ಹೊರಟು ಬಂದರು. ಮಾವ ಅಲ್ಲಿಯವರೆಗೆ ತಿರುಪತಿಯಿಂದ ಆಚೆ ಹೋದವರಲ್ಲ. ಅತ್ತೆ ಎರಡು ಡಬ್ಬಿ ಅವಲಕ್ಕಿ, ಚಟ್ನಿಪುಡಿ, ಅಡುಗೆಯ ಸಾಮಾನು ಎಲ್ಲ ಕಟ್ಟಿಕೊಂಡಿದ್ದರು. ಮಾವನಿಗೆ ತಾವೇ ಬೇಯಿಸಿ ಹಾಕುವ ಏರ್ಪಾಡು. ಆದರೆ ರೈಲಿನ ಧೂಳಿಗೆ ಅತ್ತೆಗೆ ಕೆಮ್ಮು ಜ್ವರ ಹತ್ತಿ, ಬಂದವರೇ ಮಲಗಿಬಿಟ್ಟರು. ಮಾವ ಮನೆಯೊಳಕ್ಕೂ ಬರದೆ ನೇರ ಪಾತಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಹೂತ ಕೊಡದ ಮುಚ್ಚಳ ತೆಗೆದು ನೋಡಿದರು. ಪಂಚೆಯ ಚಿಂದಿಯನ್ನು ಮುಟ್ಟಿ ನೋಡಿದರು. ಎಷ್ಟು ಹೊತ್ತಾದರೂ ಏಳಲಿಲ್ಲ.

ಊಟದ ಹೊತ್ತಿಗೆ ಶುರುವಾಯಿತು ಫಜೀತಿ. ಅವರಿಗೆ ಒಲೆ ಹಚ್ಚಲೂ ಬಾರದು. ರೈಲಿನಲ್ಲಿ ತಿಂದು ಉಳಿದಿದ್ದ ಅವಲಕ್ಕಿ ಮೊದಲ ಹೊತ್ತಿಗೇ ಮುಗಿಯಿತು. ಎರಡು ದಿನ ಆ ಮನುಷ್ಯ ನನ್ನ ತೋಟದಲ್ಲಿ ಮೇಯ್ದರು, ಬೇರೆ ಪದವಿಲ್ಲ. ಹಸಿ ಗಜ್ಜರಿ, ಹಸಿ ಬಟಾಣಿ, ಹಸಿ ಮೂಲಂಗಿ. ನನ್ನ ಗಂಡ "ಅಪ್ಪ, ಸಾಕು ಮಾಡಿ ಇದನ್ನ" ಎಂದು ಕೂಗಾಡಿದ. ನಾನು ಅವನ ಬಾಯಿ ಮುಚ್ಚಿಸಿದೆ. ಬಲವಂತಕ್ಕೆ ಉಂಡರೆ ನನಗೇನು ಬಂತು? ಹೊತ್ತು ಹೊತ್ತಿಗೆ ಅವರ ಪಾಲಿನದನ್ನೂ ಸೇರಿಸಿ ಮಾಡಿ, ಮುಚ್ಚಿಟ್ಟು, ಸುಮ್ಮನಿದ್ದೆ.

ಮೂರನೆಯ ದಿನ ಮಧ್ಯಾಹ್ನ ನವಿಲುಕೋಸಿನ ಹುಳಿ ಕುದಿಯುತ್ತಿತ್ತು. ಮಾವ ಕೈಕಾಲು ತೊಳೆದು ಬಂದು ಅಡುಗೆಮನೆಯ ನೆಲದ ಮೇಲೆ ಕೂತರು. ನನ್ನ ಮುಖ ನೋಡಲಿಲ್ಲ.

"ಬೀಜ ಯಾವಾಗ ಹಾಕ್ಬೇಕು, ನೀರು ಹೇಗೆ ಕಟ್ಬೇಕು, ಎಲ್ಲಾ ನಿನಗೆ ಹೇಳ್ಕೊಟ್ಟೆ" ಎಂದರು. ಮೊದಲ ಸಲ ನಾನು ಅವರ ಬಾಯಲ್ಲಿ "ನೀನು" ಆಗಿದ್ದೆ. "ಬೆಳೆದಿದ್ದನ್ನ ಕೂತು ಉಣ್ಣೋದು ಒಂದು ನನಗೇ ಗೊತ್ತಾಗ್ಲಿಲ್ಲ. ತಪ್ಪಾಯ್ತು ಕಣಮ್ಮ. ಬಡಿಸು."

ನಾನು ಬಡಿಸಿದ ಆತುರಕ್ಕೆ ಅರ್ಧ ಹುಳಿ ತಟ್ಟೆಯ ಆಚೆ ಬಿತ್ತು. ಅವರು ಕಲಸಿ ಉಂಡರು. ಮತ್ತೆ ಹಾಕಿಸಿಕೊಂಡರು. "ಉಪ್ಪು ಒಂದು ಕಲ್ಲು ಕಮ್ಮಿ" ಎಂದರು. ಆ ಮಾತಿಗೆ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಪರಕೀಯರ ಮನೆಯಲ್ಲಿ ಯಾರೂ ಉಪ್ಪಿನ ಮಾತು ಆಡುವುದಿಲ್ಲ.

ಊರಿಗೆ ಹೋದ ಮೇಲೆ ಬಂದ ಪತ್ರದ ನೆತ್ತಿಯಲ್ಲಿ "ಚಿ. ಸೌ. ಸೊಸೆಗೆ ಮಾವನ ಆಶೀರ್ವಾದಗಳು" ಎಂದಿತ್ತು. ಆದರೆ ಅದರ ಹಿಂದೆಯೇ ಒಂದು ಕಹಿಯೂ ಬಂತು. ಮಾವನ ಅಕ್ಕ ಒಬ್ಬರು ಮಲ್ಲೇಶ್ವರದಲ್ಲಿದ್ದಾರೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವರು, ಮಹಾ ಗಟ್ಟಿಗಿತ್ತಿ. ನಮ್ಮ ಮದುವೆಯ ದಿನದಿಂದ ನನ್ನ ಕಡೆ ತಿರುಗಿ ನೋಡಿದವರಲ್ಲ. ಅವರು "ಅಲ್ಲಿ ಊಟಕ್ಕೇನು ಮಾಡಿದ್ಯೋ?" ಎಂದು ಕೇಳಿದ್ದಕ್ಕೆ ಮಾವ, "ಹಸಿ ತರಕಾರಿ ತಿಂದ್ಕೊಂಡಿದ್ದೆ ಅಕ್ಕ" ಎಂದರಂತೆ. ಪೂರ್ತಿ ಸುಳ್ಳಲ್ಲ. ಅಕ್ಕನ ಎದುರಿಗೆ ಅವರಿಗೆ ಎಪ್ಪತ್ತು ವರ್ಷವಲ್ಲ, ಹತ್ತು. ಆದರೂ ನನಗೆ ಸಿಟ್ಟು ತಡೆಯಲಾಗಲಿಲ್ಲ. ಎರಡು ತಿಂಗಳು ಪತ್ರಕ್ಕೆ ಉತ್ತರ ಬರೆಯಲಿಲ್ಲ, ಫೋನಿಗೂ ಬರಲಿಲ್ಲ.

ಆಗೊಂದು ಪತ್ರ ಬಂತು. "ಉಲ್ಲೇಖ: ನಿನ್ನ ಮೌನ." ಒಳಗೆ ಒಂದೇ ಸಾಲು: "ಅಕ್ಕನಿಗೆ ನಾನೇ ಹೇಳುತ್ತೇನೆ, ಸ್ವಲ್ಪ ಕಾಲಾವಕಾಶ ಬೇಕು." ಓದಿ ನಗು ಬಂತು, ಸಿಟ್ಟು ಇಳಿಯಿತು. ಫೋನ್ ಮಾಡಿ "ನಿಧಾನವಾಗಿ ಹೇಳಿ ಮಾವ, ನಾನೆಲ್ಲೂ ಓಡಿಹೋಗಲ್ಲ" ಎಂದೆ. ಓಡಿಹೋಗುವವರು ಅವರೇ ಎಂದು ನನಗೇನು ಗೊತ್ತು. ಮುಂದಿನ ಜನವರಿಯಲ್ಲಿ, ಬೆಳಗಿನ ಕಾಫಿ ಕುಡಿದು ಹಿತ್ತಿಲಿನ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅಕ್ಕನಿಗೆ ಹೇಳಿರಲಿಲ್ಲ.

ಹತ್ತನೆಯ ದಿನದ ಕರ್ಮ ಚಾಮರಾಜಪೇಟೆಯ ಒಂದು ಛತ್ರದಲ್ಲಿ. ಪಿಂಡವನ್ನು ಎಲೆಯಲ್ಲಿ ಗೋಡೆಯ ಮೇಲಿಟ್ಟು ಎಲ್ಲರೂ ಕಾಗೆಗೆ ಕಾದೆವು. ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲವಂತೆ. ಎದುರಿನ ತಂತಿಯ ಮೇಲೆ ನಾಲ್ಕು ಕಾಗೆ ಕೂತಿದ್ದವು, ಒಂದೂ ಇಳಿಯಲಿಲ್ಲ. ಬಿಸಿಲೇರಿತು. ನನ್ನ ಗಂಡ ಕೈಮುಗಿದು "ಅಮ್ಮನ್ನ ನೋಡ್ಕೋತೀನಪ್ಪ" ಎಂದ. ಬರಲಿಲ್ಲ. ಇಷ್ಟವಾದದ್ದು ಏನಾದರೂ ಇಡಿ ಎಂದು ಯಾರೋ ಅಂದರು. ನವಿಲುಕೋಸು ಎಂದೆ. ಪುರೋಹಿತರು, "ಇಂಗ್ಲಿಷ್ ತರಕಾರಿ ಇದಕ್ಕೆ ಬರೋಲ್ಲಮ್ಮ" ಎಂದು ತಲೆ ಅಲ್ಲಾಡಿಸಿದರು.

ಆಗ ಮಾವನ ಅಕ್ಕ, ಯಾರಿಗೂ ಅಲ್ಲವೆಂಬಂತೆ ಎಲ್ಲರಿಗೂ ಕೇಳುವ ಹಾಗೆ, "ಕೊರಗು ಇಟ್ಕೊಂಡೇ ಹೋದ ನನ್ನ ತಮ್ಮ. ಯಾತರ ಕೊರಗು ಅಂತ ಇಲ್ಲಿರೋರಿಗೆಲ್ಲಾ ಗೊತ್ತು" ಎಂದರು. ನೆಂಟರ ಕಣ್ಣೆಲ್ಲ ನನ್ನ ಮೇಲೆ ಬಿದ್ದವು. ನಾನು ನೆಲ ನೋಡಿದೆ. ಬಾಯಿಬಡುಕಿ ನಾನು, ಅವತ್ತು ಒಂದು ಮಾತೂ ಹೊರಡಲಿಲ್ಲ. ಹೇಳಬೇಕಾದವರು ಹೇಳದೆ ಹೋಗಿದ್ದರು, ನಾನು ಹೇಳಿದರೆ ಯಾರು ನಂಬುತ್ತಾರೆ?

ಅತ್ತೆ ಎದ್ದು ನಿಂತರು. ಈ ಅತ್ತಿಗೆಯ ಎದುರು ಎಂದೂ ದನಿ ಎತ್ತದ ಹೆಂಗಸು ಅದು.

"ಅತ್ತಿಗೆ, ಅವರಿಗೆ ಯಾವ ಕೊರಗೂ ಇರ್ಲಿಲ್ಲ. ಇವಳ ಅಡುಗೆಮನೇಲಿ ನೆಲದ ಮೇಲೆ ಕೂತು, ತಾವಾಗಿ ಕೇಳಿ ಬಡಿಸ್ಕೊಂಡು ಉಂಡ್ರು. ಎರಡೆರಡು ಸಲ ಹಾಕಿಸ್ಕೊಂಡ್ರು. ನಾನು ಜ್ವರದಲ್ಲಿ ಮಲಗಿದ್ರೂ ಕಣ್ಣಾರೆ ನೋಡಿದೀನಿ. ನಿಮಗೆ ಹೇಳೋಕೆ ಹೆದರ್ಕೊಂಡು ಒಂದು ವರ್ಷ ಒದ್ದಾಡಿದ್ರು, ಈಗ ನಾನು ಹೇಳ್ತಿದೀನಿ. ಅವರ ಹೊಟ್ಟೆ ತುಂಬಿದೆ. ಅದಕ್ಕೇ ಕಾಗೆ ಬಂದಿಲ್ಲ."

ಪುರೋಹಿತರು ಮಂತ್ರ ನಿಲ್ಲಿಸಿದರು. ಮಾವನ ಅಕ್ಕ ನಾಲ್ಕು ವರ್ಷದಲ್ಲಿ ಮೊದಲ ಸಲ ತಿರುಗಿ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

"ಏನ್ ಮಾಡಿ ಹಾಕಿದ್ದೆ ಅವನಿಗೆ?" ಎಂದು ಕೇಳಿದರು.

"ನವಿಲುಕೋಸಿನ ಹುಳಿ" ಎಂದೆ. ಅಷ್ಟು ಹೇಳುವುದರೊಳಗೆ ಹತ್ತು ದಿನದಿಂದ ತಡೆದಿದ್ದ ಅಳು ಬಂದುಬಿಟ್ಟಿತು. ಆ ಮುದುಕಿ ಬಂದು ನನ್ನ ಪಕ್ಕದಲ್ಲಿ ಕೂತರು.